ರಾಮಮ್ಮನ ಬಸ್ಸಾರು

"ಬಾಯಿ ತೆಗೀರಿ."

ಮಂಜುನಾಥ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಒಂದು ಕಾಲು ಜಗಲಿಯ ಮೇಲಿತ್ತು, ಇನ್ನೊಂದು ಅಂಗಳದಲ್ಲಿ. ಎದುರಿಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೆಂಡತಿ ರಾಮಮ್ಮ ನಿಂತಿದ್ದಳು. ಅವಳನ್ನು ದಾಟಿ ಒಳಗೆ ಹೋಗಲು ಜಾಗವೇ ಇರಲಿಲ್ಲ.

"ಇದೇನು ಮನೆಯೋ ಚೆಕ್‌ಪೋಸ್ಟೋ?"

"ಬಾಯಿ ತೆಗೀರಿ ಅಂದ್ನಲ್ಲ. ಹಾ ಅನ್ನಿ."

ಅರವತ್ತು ದಾಟಿದ ಮನುಷ್ಯ ಶಾಲೆಯ ಹುಡುಗನಂತೆ ಹಾ ಅಂದ. ರಾಮಮ್ಮ ಮೂಗನ್ನು ಹತ್ತಿರ ತಂದು ಎರಡು ಸಲ ಮೂಸಿದಳು.

"ಟೀ ವಾಸ್ನೆ ಬರ್ತದೆ."

"ಕೂಸಪ್ಪನ ಟೀ ಅಂಗ್ಡಿಗೆ ಹೋಗಿ ಬಂದೋನ ಬಾಯಲ್ಲಿ ಮಲ್ಲಿಗೆ ವಾಸ್ನೆ ಬರ್ತದಾ? ಅರ್ಧ ಲೋಟ ಕುಡ್ದೆ. ಅಷ್ಟು ಡಾಕ್ಟ್ರೇ ಬಿಟ್ಟವ್ರೆ."

"ಬಾಳೆಹಣ್ಣು?"

"ತಿಂದಿಲ್ಲ."

"ಎಳನೀರು?"

"ಕುಡ್ದಿಲ್ಲ ಕಣೆ."

"ಜೇಬು ತೋರ್ಸಿ."

ಒಳಗೆ ಅಡುಗೆಮನೆಯಲ್ಲಿ ಸೊಸೆ ಕಾವ್ಯಶ್ರೀ ನಗು ತಡೆಯಲಾರದೆ ಸುಮ್ಮನೆ ಪಾತ್ರೆ ಸದ್ದು ಮಾಡಿದಳು. ಮಂಜುನಾಥ ಅಂಗಿಯ ಜೇಬನ್ನು ಹೊರಗೆ ಎಳೆದು ತೋರಿಸಿದ. ಅದರಲ್ಲಿದ್ದದ್ದು ಒಂದು ಹಳೇ ಬಸ್ ಟಿಕೇಟು, ನಾಲ್ಕು ದಂಟಿನ ಬೀಜ. ರಾಮಮ್ಮ ಬೀಜವನ್ನೂ ಮೂಸಿ ನೋಡಿ, ಬೇರೆ ದಾರಿಯಿಲ್ಲದೆ ಬಾಗಿಲು ಬಿಟ್ಟಳು.

ಅವಳನ್ನು ನೋಡಿ ನಗುವುದು ಸುಲಭ. ಆದರೆ ಅವಳ ಭಯ ಅವಳಿಗೇ ಗೊತ್ತು. ಕಾಲು ಊದಿಕೊಂಡಿದೆ ಎಂದು ಆಸ್ಪತ್ರೆಗೆ ಕರೆದುಕೊಂಡು ಹೋದಾಗ, ಗಂಡನ ಕಿಡ್ನಿ ಅರ್ಧಕ್ಕಿಂತ ಕಡಿಮೆ ಕೆಲಸ ಮಾಡುತ್ತಿದೆ, ಇರುವಷ್ಟನ್ನು ಉಳಿಸಿಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದರು. ಎಲ್ಲಕ್ಕಿಂತ ಅವರು ಹೆದರಿಸಿದ್ದು ಪೊಟ್ಯಾಶಿಯಂ ಎಂಬ ಒಂದು ವಸ್ತುವಿನ ಬಗ್ಗೆ. ಹಣ್ಣು, ಸೊಪ್ಪು, ತರಕಾರಿಯಲ್ಲಿ ಇರುವುದು ಅದು, ಒಳ್ಳೆಯದೇ. ಆದರೆ ಮಂಜುನಾಥನ ಕಿಡ್ನಿಗೆ ಅದನ್ನು ಹೊರಗೆ ಹಾಕುವ ಶಕ್ತಿ ಕಡಿಮೆಯಾಗಿತ್ತು. ಅದು ರಕ್ತದಲ್ಲಿ ಏರುತ್ತಾ ಹೋದರೆ ಒಂದು ದಿನ ಹೇಳದೆ ಕೇಳದೆ ಗುಂಡಿಗೆಯೇ ನಿಂತುಬಿಡಬಹುದು. ಹಾಗೆಂದು ಹೇಳಿದ ಕ್ಷಣದಿಂದ ರಾಮಮ್ಮ ರಾತ್ರಿ ಎಚ್ಚರವಾದಾಗಲೆಲ್ಲ ಗಂಡನ ಎದೆಯ ಮೇಲೆ ಕೈಯಿಟ್ಟು ನೋಡುತ್ತಿದ್ದಳು.

ಮಂಜುನಾಥನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಇರಲಿಲ್ಲ. ಅವನ ಅಪ್ಪ ಅರಕಲಗೂಡು ಕಡೆಯಿಂದ ಬಂದು ಕುಶಾಲನಗರದ ಹತ್ತಿರ, ಹೆಬ್ಬಾಲೆ ದಾರಿಯಲ್ಲಿ ಜಮೀನು ಮಾಡಿದವರು. ಇವನು ಅದೇ ಜಮೀನಿನಲ್ಲಿ ನಾಲೆಯ ನೀರು ಹಾಯಿಸಿ ಸೊಪ್ಪು ಬೆಳೆಯುತ್ತಿದ್ದ. ದಂಟು, ಕೆಂಪು ಹರಿವೆ, ಸಬ್ಬಸಿಗೆ. ಸಂತೆಯಲ್ಲಿ ಅವನ ಹರಿವೆಗೆ ಹೆಸರಿತ್ತು. ಊರಿಗೆಲ್ಲ ಸೊಪ್ಪು ತಿನ್ನಿಸಿದವನಿಗೆ ಸೊಪ್ಪೇ ವಿಷ ಅಂದರೆ ಹೇಗಾಗಬೇಡ?

ಅಷ್ಟರಲ್ಲಿ ಆಸ್ಪತ್ರೆಯಲ್ಲಿ ಊಟದ ವಿಚಾರ ಹೇಳುವ ಸುಮಿತಾ ಮೇಡಂ ದೇವರ ಹಾಗೆ ಕಂಡಿದ್ದರು. ಪಾಲಿಬೆಟ್ಟದ ಕಡೆಯ ಕೊಡವರ ಹುಡುಗಿ. "ಸೊಪ್ಪು, ತರಕಾರಿ ಪೂರ್ತಿ ಬಿಡೋದೇನೂ ಬೇಡ. ಸಣ್ಣಗೆ ಹೆಚ್ಚಿ. ಸ್ವಲ್ಪ ಹೊತ್ತು ಬಿಸಿನೀರಲ್ಲಿ ನೆನೆಸಿ. ಆಮೇಲೆ ಜಾಸ್ತಿ ನೀರಲ್ಲಿ ಬೇಯಿಸಿ, ನೀರು ಬಸಿದು ತಿನ್ನಿ. ಸ್ವಲ್ಪ ಸ್ವಲ್ಪವೇ," ಎಂದಿದ್ದರು. ಅದನ್ನು ಕೇಳಿ ರಾಮಮ್ಮನ ಮುಖ ಊರಗಲವಾಗಿತ್ತು. ಬಸಿಯುವುದು! ಇದನ್ನು ಅವಳಿಗೆ ಹೇಳಿಕೊಡಬೇಕೇ? ಅವಳ ಅವ್ವ, ಅವಳ ಅಜ್ಜಿ, ಇಡೀ ವಂಶವೇ ಸೊಪ್ಪು ಬೇಯಿಸಿ ಬಸಿದುಕೊಂಡೇ ಬಂದಿತ್ತು.

ಅಂದಿನಿಂದ ಅವಳು ಆಣೆ ಹಾಕಿದವಳ ಹಾಗೆ ಪಥ್ಯ ನಡೆಸಿದಳು. ಟೊಮೆಟೊ ಬಂದ್. ಆಲೂಗಡ್ಡೆ ಬಂದ್. ಬಾಳೆಗೊನೆ ಮನೆಯೊಳಗೆ ಕಾಲಿಡುವಂತಿಲ್ಲ. ಮುದ್ದೆಯೂ ಬೇಡ ಅಂದಿದ್ದರಿಂದ ಮಂಜುನಾಥ ಅನ್ನಕ್ಕೆ ಬಂದಿದ್ದ. ಮೊದಲು ವಾರಕ್ಕೆ ಒಂದೆರಡು ಸಲ ಮಾಡುತ್ತಿದ್ದ ಬಸ್ಸಾರನ್ನು ಈಗ ದಿನವೂ ಮಾಡತೊಡಗಿದಳು, ಬಸಿದು ತಿನ್ನಬೇಕು ಎಂದು ಮೇಡಮ್ಮೇ ಹೇಳಿದ್ದಾರಲ್ಲ.

ಅವತ್ತೂ ಅದೇ ಇತ್ತು. ಮಂಜುನಾಥ ಕೈಕಾಲು ತೊಳೆದು ಬಂದು ಕೂತ. ತಟ್ಟೆಯಲ್ಲಿ ಬಿಸಿ ಅನ್ನ, ಬದಿಗೆ ಕಾಯಿತುರಿ ಹಾಕಿ ಒಗ್ಗರಣೆ ಕೊಟ್ಟ ಹರಿವೆ ಪಲ್ಯ, ಅನ್ನದ ನೆತ್ತಿಯ ಮೇಲೆ ಎರಡು ಸೌಟು ಬಸ್ಸಾರು. ಹುರಿದ ಬೆಳ್ಳುಳ್ಳಿ, ಮೆಣಸು, ಜೀರಿಗೆಯ ಘಮ ಜಗಲಿಯವರೆಗೂ ಬಂದಿತ್ತು.

"ಇಷ್ಟು ರುಚಿಯಾಗಿ ಪಥ್ಯ ಮಾಡ್ಸೋ ಹೆಂಡ್ತಿ ಯಾರಿಗ್ ಸಿಕ್ತಾಳೆ?" ಎಂದ ಮಂಜುನಾಥ, ಬಟ್ಟಲಿನ ಸಾರನ್ನು ಸುರ್ರೆಂದು ಕುಡಿಯುತ್ತಾ.

"ಬೆಣ್ಣೆ ಹಚ್ಬೇಡಿ. ಇಷ್ಟೆಲ್ಲ ಮಾಡಿದ್ರೂ ಹೋದ್ಸಲ ರಕ್ತ ನೋಡ್ದಾಗ ಏರಿತ್ತು. ಎಲ್ಲೋ ಕದ್ದು ತಿಂತಿದೀರ."

"ದೇವರಾಣೆಗೂ ಇಲ್ಲ."

"ದೇವ್ರನ್ನ ಯಾಕ್ ನಡುವೆ ತರ್ತೀರಿ, ಅವ್ರೇನ್ ನೋಡಕ್ ಬಂದಿದ್ರಾ?"

ಅವಳು ಸುಮ್ಮನೆ ಬಿಡುವ ಪೈಕಿ ಅಲ್ಲ. ಮಾರನೆಯ ದಿನ ತಾನೇ ಕೂಸಪ್ಪನ ಅಂಗಡಿಗೆ ಹೋಗಿ ನಿಂತಳು. ತೂಗುಹಾಕಿದ್ದ ಪಚ್ಚಬಾಳೆಯ ಗೊನೆಯನ್ನು ಕಳ್ಳನ ಹಾಗೆ ದಿಟ್ಟಿಸಿ, "ನಮ್ಮೋರು ಇದನ್ನ ಮುಟ್ಟವ್ರಾ?" ಎಂದು ಕೇಳಿದಳು. "ಇಲ್ಲೆ ಅಕ್ಕ, ಮಂಜಣ್ಣ ಹಣ್ಣಿನ ಕಡೆ ತಿರುಗಿಯೂ ನೋಡುದಿಲ್ಲ. ನೋಡಿದ್ರೆ ನೀವು ಬರ್ತೀರಿ ಅಂತ ಹೆದರ್ತಾರೆ," ಎಂದು ಕೂಸಪ್ಪ ನಕ್ಕ. ಅವಳಿಗೆ ನಂಬಿಕೆ ಬರಲಿಲ್ಲ. ಗಂಡಸರು ಗಂಡಸರನ್ನು ಬಿಟ್ಟುಕೊಡುವುದಿಲ್ಲ ಎಂದುಕೊಂಡು ಮನೆಗೆ ಬಂದಳು. ಮಗ ತೇಜಸ್ ಕೂಡ ಅವಳ ಪಕ್ಷವೇ. ಶುಂಠಿ ಲೋಡು ಇಳಿಸಿ ಬಂದವನು, "ಅಪ್ಪ, ತಿನ್ನಬೇಕು ಅನ್ಸಿದ್ರೆ ಹೇಳು, ಕದ್ದು ಮಾತ್ರ ತಿನ್ಬೇಡ," ಎಂದು ಬುದ್ಧಿ ಹೇಳಿದ. ಮಂಜುನಾಥ ಆ ಸಂಜೆ ಸೊಪ್ಪಿನ ಮಡಿಗಳ ನಡುವೆ ಹೋಗಿ ಕತ್ತಲಾಗುವವರೆಗೆ ಕಳೆ ಕಿತ್ತ.

ಆ ಸಲದ ರಕ್ತಪರೀಕ್ಷೆಯ ದಿನ ಗಂಡ ಹೆಂಡತಿ ಇಬ್ಬರೂ ಹೋದರು. ಪೊಟ್ಯಾಶಿಯಂ ಇನ್ನೂ ಏರಿತ್ತು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಿ, ಇದನ್ನ ನೋಡಿದ್ರೆ ನೀವು ಪಥ್ಯದಲ್ಲಿದ್ದೀರಿ ಅಂತ ಯಾರೂ ನಂಬಲ್ಲ. ಅದನ್ನ ಇಳಿಸೋ ಪುಡಿ ಕೊಟ್ಟಾಯ್ತು, ಮಾತ್ರೆ ಬದಲಾಯಿಸಿ ಆಯ್ತು. ಮುಂದಿನ ವಾರ ಮತ್ತೆ ಬನ್ನಿ. ಆಗಲೂ ಇಳಿದಿಲ್ಲ ಅಂದ್ರೆ ಮನೆಗೆ ಕಳ್ಸಲ್ಲ, ಅಡ್ಮಿಟ್ ಮಾಡ್ಕೋತೀನಿ. ಡಯಾಲಿಸಿಸ್ ಮಾತೂ ಆಡ್ಬೇಕಾಗುತ್ತೆ. ಈಗಲೇ ಹೋಗಿ ಸುಮಿತಾ ಅವ್ರನ್ನ ನೋಡಿ."

ಡಯಾಲಿಸಿಸ್ ಎಂಬ ಮಾತು ಕೇಳಿದ್ದೇ ರಾಮಮ್ಮ ಗಂಡನ ತೋಳು ಹಿಡಿದು ಎಳೆದುಕೊಂಡು ಹೊರಟಳು. ಸುಮಿತಾಳ ಕೋಣೆಯಲ್ಲಿ ಕುರ್ಚಿ ಎಳೆದುಕೊಂಡು ಕೂತವಳೇ ಶುರುಮಾಡಿದಳು.

"ಮೇಡಮ್ಮೋರೆ, ನಾನ್ ಎಷ್ಟು ಮಾಡಿದ್ರೂ ಇವ್ರು ಹೊರಗೆ ತಿಂದು ಬರ್ತಾರೆ. ನಾನು ಸತ್ತೋಗ್ತೀನಿ ಅಂದ್ರೂ ಇವ್ರಿಗೆ ನಾಲ್ಗೆ ಚಪಲ ಹೋಗಲ್ಲ. ನೀವೇ ಬಯ್ಯಿರಿ."

ಮಂಜುನಾಥ ಎದ್ದು ನಿಂತ. "ತಾಯಿ, ನಾನು ಒಂದು ಬಾಳೆಹಣ್ಣಿನ ಸಿಪ್ಪೆನೂ ಮೂಸಿಲ್ಲ. ಇವಳು ಹಾಕಿದ್ದನ್ನ ತಿಂದೆ, ಇವಳು ಕೊಟ್ಟಿದ್ದನ್ನ ಕುಡ್ದೆ. ಮನೆಯೋರೆಲ್ಲ ಸೇರಿ ನನ್ನ ಕಳ್ಳನ್ನ ಮಾಡವ್ರೆ. ಸಾಯೋದಾದ್ರೆ ಸಾಯ್ತೀನಿ, ಕಳ್ಳ ಅನ್ನಿಸ್ಕೊಂಡು ಸಾಯಕ್ಕೆ ನಂಗಿಷ್ಟ ಇಲ್ಲ."

ಸುಮಿತಾ ಇಬ್ಬರನ್ನೂ ನೋಡಿದಳು. ಅವನನ್ನು ಕೂರಿಸಿ ನೀರು ಕೊಟ್ಟಳು. "ಇರಲಿ, ಯಾರನ್ನೂ ಬಯ್ಯೋದು ಬೇಡ. ಅಮ್ಮ, ನಿನ್ನೆ ಮಧ್ಯಾಹ್ನ ಏನು ಅಡುಗೆ ಮಾಡಿದ್ರಿ? ಒಲೆ ಹಚ್ಚಿದಲ್ಲಿಂದ ಹೇಳಿ."

ಅಡುಗೆಯ ಮಾತು ಬಂದರೆ ರಾಮಮ್ಮನಿಗೆ ಎಂಥ ದುಃಖದಲ್ಲೂ ಒಂದು ಹುರುಪು. "ಹರಿವೆ ಸೊಪ್ಪು. ಇವ್ರೇ ಬೆಳ್ದಿದ್ದು. ನೀವ್ ಹೇಳಿದ್ ಹಾಗೆ ಸಣ್ಣಗೆ ಹೆಚ್ಚಿ, ಬಿಸಿನೀರಲ್ಲಿ ನೆನೆಸಿ, ಆ ನೀರನ್ನೂ ಸೇರ್ಸಿ ದೊಡ್ಡ ತಪ್ಪಲೆ ತುಂಬ ನೀರಿಟ್ಟು ಬೇಯಿಸ್ದೆ. ಒಂದ್ ಹಿಡಿ ತೊಗರಿಬೇಳೆನೂ ಹಾಕ್ದೆ. ಬೆಂದ ಮೇಲೆ ಒಂದ್ ತೊಟ್ಟೂ ಇರದ್ ಹಾಗೆ ಬಸಿದೆ. ಸೊಪ್ಪಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡ್ದೆ."

"ತುಂಬಾ ಸರಿಯಾಗೇ ಮಾಡಿದ್ದೀರಲ್ಲ," ಎಂದಳು ಸುಮಿತಾ. ಆಮೇಲೆ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದಳು. "ನೆನೆಸಿದ ನೀರನ್ನೂ ಸೇರ್ಸಿದ್ರಾ? ಮತ್ತೆ ಬಸಿದ ನೀರು? ಅದನ್ನ ಎಲ್ಲಿ ಚೆಲ್ಲಿದ್ರಿ?"

"ಚೆಲ್ಲೋದಾ?" ರಾಮಮ್ಮ ಬೆಚ್ಚಿದಳು. "ಬಸಿದ ನೀರನ್ನ ಯಾರಾದ್ರೂ ಚೆಲ್ತಾರಾ ಮೇಡಮ್ಮೋರೆ? ಸೊಪ್ಪಿನ ಸಾರವೆಲ್ಲ ಅದ್ರಲ್ಲೇ ಅಲ್ವಾ ಇರೋದು! ಅದಕ್ಕೇ ಬೆಳ್ಳುಳ್ಳಿ, ಮೆಣಸು ಹುರಿದು ರುಬ್ಬಿ ಹಾಕಿ ಕುದಿಸಿ ಸಾರು ಮಾಡೋದು. ಬಸ್ಸಾರು. ಇವ್ರು ಅನ್ನಕ್ಕೆ ಹಾಕ್ಕೊಂಡು, ಮೇಲೆ ಒಂದ್ ಬಟ್ಲು ಕುಡೀತಾರೆ."

"ದಿನಾ?"

"ದಿನಾ. ನೀವೇ ಅಲ್ವಾ ಬಸಿದು ತಿನ್ನಿ ಅಂದಿದ್ದು."

ಸುಮಿತಾ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ಆಮೇಲೆ ನಗು ಬಂತು ಅವಳಿಗೆ. ತಡೆದಷ್ಟೂ ಉಕ್ಕಿ ಬಂತು. "ಅಯ್ಯೋ ಅಮ್ಮ, ತಪ್ಪು ನಂದೇ. ನಮ್ಮ ಮನೆ ಕಡೆ ಬಸ್ಸಾರು ಮಾಡಲ್ಲ, ನಂಗೆ ಹೊಳೀಲೇ ಇಲ್ಲ. ನೀರು ಬಸಿದು ಅಂದೆ, ಚೆಲ್ಲಿ ಅನ್ನಲಿಲ್ಲ. ಬೇಯಿಸೋದೇ ಪೊಟ್ಯಾಶಿಯಂ ನೀರಿಗೆ ಇಳೀಲಿ ಅಂತ. ನೀವು ಸೊಪ್ಪಿಂದ ಅದನ್ನೆಲ್ಲ ಚೆನ್ನಾಗಿ ತೆಗೆದು, ಬಟ್ಲಲ್ಲಿ ಹಾಕಿ ಕುಡಿಸ್ತಾ ಇದ್ರಿ."

ಮಂಜುನಾಥ ಮೊದಲು ಅರ್ಥವಾಗದೆ ನೋಡಿದ. ಅರ್ಥವಾದ ಮೇಲೆ ತೊಡೆ ತಟ್ಟಿಕೊಂಡು ನಕ್ಕ. ಅಷ್ಟು ದೊಡ್ಡದಾಗಿ ಅವನು ನಕ್ಕು ಎಷ್ಟೋ ಕಾಲವಾಗಿತ್ತು. "ಕಳ್ಳ ಸಿಕ್ಬಿದ್ದ ಕಣೆ! ನೀನು ಕೂಸಪ್ಪನ್ ಅಂಗ್ಡೀಲಿ ಹುಡುಕ್ತಿದ್ದೆ, ನಿನ್ ತಪ್ಪಲೇಲೇ ಕೂತವ್ನೆ!"

ರಾಮಮ್ಮ ಮಾತ್ರ ನಗಲಿಲ್ಲ. ಅವಳು ತನ್ನ ಕೈಗಳನ್ನು ನೋಡಿಕೊಳ್ಳುತ್ತಾ ಕೂತಿದ್ದಳು.

"ಅಮ್ಮ, ಹೆದರ್ಬೇಡಿ," ಎಂದು ಸುಮಿತಾ ಅವಳ ಕೈ ಹಿಡಿದಳು. "ಇದು ಒಳ್ಳೇ ಸುದ್ದಿ. ಕಾರಣ ಗೊತ್ತಾಯ್ತಲ್ಲ. ನೆನೆಸಿದ ನೀರು, ಬೇಯಿಸಿದ ನೀರು ಎರಡನ್ನೂ ಚೆಲ್ಲಿ, ಅಷ್ಟೇ. ಮನಸ್ಸು ಬರದಿದ್ರೆ ಹೀಗೆ ಅಂದ್ಕೊಳ್ಳಿ. ಬಿದಿರಿನ ಕಳಲೆ ನೆನೆಸಿದ ನೀರನ್ನ ನೀವೂ ಚೆಲ್ತೀರಲ್ಲ?"

"ಅದು ವಿಷ ಅಲ್ವಾ. ಅದನ್ನ ಯಾರಾದ್ರೂ ಇಟ್ಕೋತಾರಾ?"

"ಹಾಂ. ಇವರ ಪಾಲಿಗೆ ಇದೂ ಕಳಲೆ ನೀರೇ."

ವಾಪಸ್ಸು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ರಾಮಮ್ಮ ಸುಂಟಿಕೊಪ್ಪ ದಾಟುವವರೆಗೂ ಹೊರಗೇ ನೋಡುತ್ತಿದ್ದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡಳು.

"ನನ್ ಕೈಯಾರೆ ಹಾಕಿದ್ನಲ್ಲ ರೀ. ಸಾಲ್ದು ಅಂತ ಇನ್ನೊಂದ್ ಸೌಟು, ಇನ್ನೊಂದ್ ಸೌಟು ಅಂತ."

"ನಾನೂ ಕೇಳಿ ಕೇಳಿ ಹಾಕಿಸ್ಕೊಂಡ್ನಲ್ಲ. ನೀನೊಬ್ಳೇ ಯಾಕೆ ಹೊತ್ಕೋತೀಯ?"

"ನಿಮ್ಮನ್ನ ಕಳ್ಳ ಅಂದೆ."

"ಅಂದೆ," ಎಂದು ಅವನು ಒಪ್ಪಿಕೊಂಡ. "ಅದು ನಂಗೆ ನೋವಾಯ್ತು. ಸುಳ್ಳು ಯಾಕೆ ಹೇಳ್ಲಿ? ಇಷ್ಟು ದಿನ ನೀನು ನನ್ ಬಾಯಿ ಮೂಸ್ದೆಯಲ್ಲ, ನಾಳೆಯಿಂದ ನಾನು ನಿನ್ ಪಾತ್ರೆ ಮೂಸ್ತೀನಿ. ಲೆಕ್ಕ ಚುಕ್ತಾ."

ಮುಂದಿನ ಸೀಟಿನ ಹೆಂಗಸು ತಿರುಗಿ ನೋಡುವಷ್ಟು ಜೋರಾಗಿ ರಾಮಮ್ಮ ಅತ್ತಳು, ಅಳುತ್ತಲೇ ನಕ್ಕಳು.

ಹೇಳಿದಷ್ಟು ಸುಲಭವಿರಲಿಲ್ಲ ಚೆಲ್ಲುವುದು. ಮಾರನೆಯ ದಿನ ಹರಿವೆ ಬೆಂದಿತು. ತಪ್ಪಲೆಯಿಂದ ಕೆಳಗಿನ ಪಾತ್ರೆಗೆ ನೀರು ಇಳಿಯಿತು. ದಾಸವಾಳದ ಬಣ್ಣ, ಮೇಲೆ ತೆಳ್ಳಗೆ ಹಬೆ. ರಾಮಮ್ಮ ಪಾತ್ರೆಯನ್ನು ಎತ್ತಿಕೊಂಡು ಹಿತ್ತಲ ಬಾಗಿಲಿಗೆ ಹೋದಳು. ಅಲ್ಲೇ ನಿಂತಳು. ವಾಪಸ್ಸು ಬಂದಳು. ಹುಟ್ಟಿದ ಮನೆಯಲ್ಲಿ ಒಮ್ಮೆ ಬಸಿಯುವಾಗ ಕೈಜಾರಿ ಅರ್ಧ ಪಾತ್ರೆ ಚೆಲ್ಲಿದ್ದಕ್ಕೆ ಅವ್ವ ಸೌಟಿನಲ್ಲೇ ಬಾರಿಸಿದ್ದಳು.

"ಕಾವ್ಯಾ, ನೀನ್ ಚೆಲ್ಲಮ್ಮ."

"ನನ್ನ ಕೈಲಾಗಲ್ಲ ಅತ್ತೆ," ಎಂದಳು ಕಾವ್ಯಶ್ರೀ, ಪಾತ್ರೆಯೊಳಗೆ ಇಣುಕಿ. ಅವಳೂ ಬಸ್ಸಾರು ತಿಂದೇ ಬೆಳೆದವಳು. "ಹೊಟ್ಟೆ ಉರಿಯುತ್ತೆ. ನಮಗಾದ್ರೂ ಸಾರು ಮಾಡೋಣ. ಮಾವಂಗೆ ಬೇರೆ ಏನಾದ್ರೂ ಮಾಡಿದ್ರಾಯ್ತು."

"ಬೇಡ. ಅವ್ರ ಮುಂದೆ ಆ ವಾಸ್ನೆ ಎಬ್ಬಿಸಿ, ಅವ್ರಿಗಿಲ್ಲ ಅನ್ನಕ್ಕೆ ನಂಗಾಗಲ್ಲ. ಅವ್ರ ರಕ್ತ ಸರಿಹೋಗೋ ತನಕ ಈ ಮನೇಲಿ ಬಸ್ಸಾರಿಲ್ಲ."

ಮಂಜುನಾಥ ಬಾಗಿಲಲ್ಲಿ ಬಂದು ನಿಂತಿದ್ದ. "ನಾನ್ ಚೆಲ್ಲಲಾ?" ಎಂದು ಪಾತ್ರೆ ಹಿಡಿದುಕೊಂಡ. ತಾನೇ ಬೀಜ ಹಾಕಿ, ನೀರು ಕಟ್ಟಿ ಬೆಳೆಸಿದ ಬಣ್ಣ. ಅವನಿಗೂ ಕೈ ಬರಲಿಲ್ಲ. ಸೊಪ್ಪು ಬೆಳೆಯುವವನು, ಅಡುಗೆ ಮಾಡುವವಳು, ತಿಂದು ಬೆಳೆದವಳು, ಮೂರೂ ಜನ ಒಂದು ಪಾತ್ರೆ ನೀರನ್ನು ಸುತ್ತುವರಿದು ನಿಂತಿದ್ದರು. ನೋಡಿದವರು ಒಳಗೆ ಹಾವು ಬಿದ್ದಿದೆ ಎಂದುಕೊಳ್ಳಬೇಕು.

ಕೊನೆಗೆ ರಾಮಮ್ಮ ಪಾತ್ರೆಯನ್ನು ಕಿತ್ತುಕೊಂಡಳು. ಕಣ್ಣು ಮುಚ್ಚಿದಳು. "ಕಳಲೆ ನೀರು, ಕಳಲೆ ನೀರು, ಕಳಲೆ ನೀರು," ಎಂದು ಮಂತ್ರದ ಹಾಗೆ ಹೇಳುತ್ತಾ ಹಿತ್ತಲ ಚರಂಡಿಗೆ ಒಂದೇ ಸಲಕ್ಕೆ ಸುರಿದುಬಿಟ್ಟಳು. ಕಾವ್ಯಶ್ರೀ ಅಯ್ಯೋ ಅಂದಳು. ಮಂಜುನಾಥ ಮುಖ ತಿರುಗಿಸಿದ.

ಅವತ್ತು ಅವಳು ಹೊಸ ಸಾರೊಂದನ್ನು ಮಾಡಿದಳು. ಅದೇ ಬೆಳ್ಳುಳ್ಳಿ, ಅದೇ ಮೆಣಸು, ಅದೇ ಜೀರಿಗೆ, ಆದರೆ ಬಸಿದ ನೀರಿನ ಬದಲು ಬರೀ ಬಿಸಿನೀರು; ಅದೂ ಒಂದೇ ಸೌಟು. ಮಂಜುನಾಥ ಅನ್ನಕ್ಕೆ ಕಲಸಿ ಒಂದು ತುತ್ತು ತಿಂದ. ಮೂರು ಜೊತೆ ಕಣ್ಣುಗಳು ಅವನ ಬಾಯನ್ನೇ ನೋಡುತ್ತಿದ್ದವು.

"ಹೆಂಗದೆ?"

"ಬಿಸಿಯಾಗದೆ," ಎಂದ ಅವನು, ಬಹಳ ಯೋಚಿಸಿ.

ತೇಜಸ್ ಅನ್ನ ನೆತ್ತಿಗೇರಿಸಿಕೊಂಡು ಕೆಮ್ಮಿದ. ರಾಮಮ್ಮ ಸೌಟು ಎತ್ತಿದಳು, ಹೊಡೆಯಲು ಮನಸ್ಸಾಗದೆ ಇಳಿಸಿದಳು. ಆ ವಾರವಿಡೀ ಮನೆಯಲ್ಲಿ ಎಲ್ಲರೂ ಅದೇ ಬಿಸಿಯಾದದ್ದನ್ನು ತಿಂದರು. ಮಂಜುನಾಥ ಹೇಳಿದಂತೆಯೇ ದಿನವೂ ಪಾತ್ರೆ ಮೂಸಲು ಬಂದ. ರಾಮಮ್ಮ ಚೆಲ್ಲಿದ ಖಾಲಿ ಪಾತ್ರೆಯನ್ನು ಅವನ ಮೂಗಿಗೆ ಹಿಡಿದು, "ಸರಿಯಾಗ್ ನೋಡ್ಕೊಳ್ಳಿ ಇನ್ಸ್‌ಪೆಕ್ಟ್ರೇ," ಎನ್ನುತ್ತಿದ್ದಳು. ಆದರೆ ಮಲಗಿದ ಮೇಲೆ ಅವಳ ಕೈ ಮೊದಲಿನಂತೆಯೇ ಅವನ ಎದೆ ಹುಡುಕುತ್ತಿತ್ತು. ಅವನೂ ಎಚ್ಚರವಿರುತ್ತಿದ್ದ. "ಬಡ್ಕೋತಾ ಇದೆ, ಮಲಕ್ಕೊ," ಎನ್ನುತ್ತಿದ್ದ.

ಪರೀಕ್ಷೆಯ ದಿನ ಬಂದೇ ಬಂತು. ಅಡ್ಮಿಟ್ ಮಾಡಿಕೊಂಡರೆ ಬೇಕಾಗುತ್ತದೆಂದು ರಾಮಮ್ಮ ಒಂದು ಚೀಲದಲ್ಲಿ ಗಂಡನ ಪಂಚೆ, ಟವೆಲ್ಲು, ಒಂದು ಹೊದಿಕೆ ತುಂಬಿಕೊಂಡು ಹೋಗಿದ್ದಳು. ರಕ್ತ ಕೊಟ್ಟು ಕಾಯುವಾಗ ಆ ಚೀಲವನ್ನು ತೊಡೆಯ ಮೇಲೆ ಅವುಚಿ ಹಿಡಿದು, ಯಾವ ದೇವರಿಗೆ ಏನು ಹೇಳಬೇಕೆಂದು ತಿಳಿಯದೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ಹೇಳಿಕೊಂಡಳು.

ಡಾಕ್ಟರು ರಿಪೋರ್ಟು ನೋಡಿದರು. ಇನ್ನೊಮ್ಮೆ ನೋಡಿದರು. "ಇಳಿದಿದೆ," ಎಂದರು. "ಚೆನ್ನಾಗೇ ಇಳಿದಿದೆ. ಮನೆಗೆ ಹೋಗಿ. ಹೀಗೇ ಇಟ್ಕೊಳ್ಳಿ."

ರಾಮಮ್ಮ ಚೀಲವನ್ನು ಅಲ್ಲೇ ಬಿಟ್ಟು ಹೊರಟಳು; ಮಂಜುನಾಥನೇ ಅದನ್ನು ಎತ್ತಿಕೊಂಡು ಬರಬೇಕಾಯಿತು. ಸುಮಿತಾಳ ಕೋಣೆಯಲ್ಲಿ ಅವಳು ಆ ಹುಡುಗಿಯ ಕೆನ್ನೆ ಸವರಿ ನೆಟಿಗೆ ಮುರಿದಳು.

"ಮೇಡಂ, ಇವಳಿಗೊಂದು ಆರ್ಡರ್ ಮಾಡಿ," ಎಂದ ಮಂಜುನಾಥ. "ಒಂದು ವಾರದಿಂದ ಬಸ್ಸಾರು ಮುಟ್ಟಿಲ್ಲ. ನಾನ್ ತಿನ್ನಲ್ಲ ಅಂತ ಮನೆಯೋರ್ಗೆಲ್ಲ ಉಪವಾಸ ಹಾಕವ್ಳೆ."

"ಅಮ್ಮ, ನಿಮ್ಮ ಕಿಡ್ನಿಗೆ ಏನಾಗಿದೆ? ನೀವು ತಿನ್ನಿ."

"ಇವ್ರಿಗೆ ಒಂದೇ ಒಂದ್ ಚಮಚ, ನಾಲ್ಗೆಗೆ ತಾಕಿಸೋ ಅಷ್ಟು..."

ಸುಮಿತಾ ತಲೆಯನ್ನು ಅಡ್ಡಡ್ಡ ಆಡಿಸಿದಳು. "ಚಮಚ ಅಂದದ್ದು ಸೌಟಾಗುತ್ತೆ ಅಮ್ಮ. ನಿಮ್ಮ ಕೈ ನಂಗೆ ಗೊತ್ತು. ಬೇಡ."

ಬಸ್ ಸ್ಟ್ಯಾಂಡಿನಿಂದಲೇ ಮಂಜುನಾಥ ಸೊಸೆಗೆ ಫೋನ್ ಮಾಡಿದ. ಅವರು ಮನೆ ಮುಟ್ಟುವಾಗ ಹುರಿದ ಬೆಳ್ಳುಳ್ಳಿಯ ಘಮ ಅಂಗಳ ದಾಟಿ ರಸ್ತೆಗೇ ಬಂದಿತ್ತು. ರಾಮಮ್ಮ ಗಕ್ಕನೆ ನಿಂತಳು.

"ಇದೇನ್ ಮಾಡಿದ್ರಿ? ನಂಗ್ ಬೇಡ. ನೀವು ಸುಮ್ನೆ ನೋಡ್ತಾ ಕೂತಿದ್ರೆ ನನ್ ಗಂಟ್ಲಲ್ಲಿ ಇಳಿಯಲ್ಲ."

"ನಾನು ಸುಮ್ನೆ ಕೂರಲ್ಲ. ಬಾ."

ಇಬ್ಬರೂ ಎದುರುಬದುರು ಕೂತರು. ಅವನ ತಟ್ಟೆಗೆ ಅನ್ನ, ಬಸಿದ ಹರಿವೆಯ ಪಲ್ಯ. ಅವಳ ತಟ್ಟೆಗೆ ಮುದ್ದೆ, ಬಟ್ಟಲ ತುಂಬ ಬಸ್ಸಾರು. ಅವಳು ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗಿದಳು. ಅವಳ ಕಣ್ಣಲ್ಲಿ ನೀರಾಡಿತು.

"ಹೆಂಗದೆ?" ಎಂದ ಮಂಜುನಾಥ.

"ಚೆನ್ನಾಗದೆ."

"ಚೆನ್ನಾಗದೆ ಅಂದ್ರೆ ನಂಗೇನ್ ಗೊತ್ತಾಗ್ತದೆ? ಸರಿಯಾಗ್ ಹೇಳು."

ರಾಮಮ್ಮ ಅವನ ಮುಖ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಅವಳು ಇನ್ನೊಂದು ತುತ್ತು ತಿಂದು, ನಿಧಾನವಾಗಿ ಹೇಳತೊಡಗಿದಳು.

"ಮೊದ್ಲು ಬೆಳ್ಳುಳ್ಳಿ ಬರ್ತದೆ. ಕೆಂಪಗೆ ಹುರಿದವ್ಳೆ. ಹಿಂದೇನೇ ಮೆಣಸು, ಗಂಟ್ಲಲ್ಲಿ ಸ್ವಲ್ಪ ಹಿಡಿತದೆ."

"ಹುಣಸೆ?"

"ಒಂಚೂರು ಜಾಸ್ತಿ."

"ಜಾಸ್ತಿ ಏನಿಲ್ಲ ಅತ್ತೆ!" ಎಂದು ಒಳಗಿನಿಂದ ಕಾವ್ಯಶ್ರೀ ಕೂಗಿದಳು.

"ಸೊಪ್ಪಿನ್ ಸಿಹಿ ಬರ್ತದಾ?"

"ಬರ್ತದೆ. ಎಲ್ಲ ಆದ್ಮೇಲೆ, ಕೊನೇಲಿ. ನಾಲ್ಗೆ ಮೇಲೆ ಹಂಗೇ ಉಳ್ಕೋತದೆ."

ಮಂಜುನಾಥ ಕಣ್ಣು ಮುಚ್ಚಿಕೊಂಡು ಪಲ್ಯ ಕಲಸಿದ ತನ್ನ ಅನ್ನವನ್ನು ಅಗಿದ, ನುಂಗಿದ.

"ಇನ್ನೊಂದ್ ತುತ್ತು," ಎಂದ.

ರಾಮಮ್ಮ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ತನ್ನ ಬಾಯಿಗಿಟ್ಟುಕೊಂಡಳು.